ರಿಪೇರಿಯಾದ ಕಾರು, ಕಳೆದುಹೋದ ಬೆಲೆ



ಹೀಗೊಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ನಿಮ್ಮ ಮನೆ ಬೆಂಗಳೂರಿನ ವಿಲ್ಸನ್ ಗಾರ್ಡನ್‌ನಲ್ಲಿದೆ. ಬೆಳಗ್ಗೆ ಮಗುವನ್ನು ಶಾಲೆಗೆ ಬಿಟ್ಟು ಬರುವಾಗ ಹೊಸೂರು ರಸ್ತೆಯ ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿದ್ದೀರಿ. ಹಿಂದಿನಿಂದ ಬಂದ ವ್ಯಾನೊಂದು ಜೋರಾಗಿ ಗುದ್ದುತ್ತದೆ. ಅಲ್ಲಾಹನ ಅನುಗ್ರಹದಿಂದ ಯಾರಿಗೂ ಗಾಯವಾಗಿಲ್ಲ. ಕಾರಿನ ಹಿಂಭಾಗ ಮಾತ್ರ ನುಜ್ಜುಗುಜ್ಜಾಗಿದೆ. ನಿಮ್ಮ ವಿಮಾ ಕಂಪೆನಿ ಗ್ಯಾರೇಜಿನ ಬಿಲ್ಲನ್ನು ಬಹುಮಟ್ಟಿಗೆ ಭರಿಸುತ್ತದೆ. ಟಿಂಕರಿಂಗ್, ಪೇಂಟಿಂಗ್ ಮುಗಿದು ಮೂರು ವಾರದಲ್ಲಿ ಕಾರು ಹೊಸದರಂತೆ ಹೊಳೆಯುತ್ತಾ ಮನೆಗೆ ಬರುತ್ತದೆ. ಸಂಕಟ ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತೀರಿ.

ಒಂದು ವರ್ಷದ ಬಳಿಕ ಮಗಳ ಕಾಲೇಜು ಶುಲ್ಕಕ್ಕಾಗಿ ಅದೇ ಕಾರನ್ನು ಮಾರಲು ಹೊರಡುತ್ತೀರಿ. ಅದೇ ವರ್ಷದ, ಅಷ್ಟೇ ಓಡಿದ ಕಾರುಗಳು 5 ಲಕ್ಷ ರೂಪಾಯಿಗೆ ಹೋಗುತ್ತಿವೆ. ಕೊಳ್ಳಲು ಬಂದ ವ್ಯಾಪಾರಿ ಬಣ್ಣದ ಮೇಲೆ ಕೈಯಾಡಿಸಿ, ಡಿಕ್ಕಿಯ ಹಾಸನ್ನು ಎತ್ತಿ ವೆಲ್ಡಿಂಗ್ ಗುರುತು ನೋಡಿ, "ಮೇಡಂ, ಇದು ಆಕ್ಸಿಡೆಂಟ್ ಆದ ಗಾಡಿ. 4 ಲಕ್ಷದ 20 ಸಾವಿರಕ್ಕಿಂತ ಹೆಚ್ಚು ಆಗುವುದಿಲ್ಲ" ಎನ್ನುತ್ತಾನೆ. ತಪ್ಪು ವ್ಯಾನಿನವನದ್ದು. 80 ಸಾವಿರ ರೂಪಾಯಿ ಹೋದದ್ದು ನಿಮ್ಮ ಕೈಯಿಂದ.

ಈ ನಷ್ಟ ಉಂಟಾದದ್ದು ಅಪಘಾತದ ದಿನ. ನಿಮಗೆ ಗೊತ್ತಾದದ್ದು ಮಾರುವ ದಿನ. ಇವೆರಡರ ನಡುವೆ ಕಾನೂನಿನ ಗಡುವು ಮುಗಿದುಹೋಗಿದೆ. ಆದ್ದರಿಂದಲೇ ಈ ವಿಷಯವನ್ನು ಕಾರು ಇರುವ ಪ್ರತಿಯೊಂದು ಮನೆಯವರೂ ಮೊದಲೇ ತಿಳಿದಿರಬೇಕು.

ನಮ್ಮ ವಿಮೆ ಕೊಡುವುದಿಲ್ಲವೇ?

ಇಲ್ಲ. ನಮ್ಮ ದೇಶದ ಕಾರು ವಿಮೆಯ ಪಾಲಿಸಿಯಲ್ಲಿ ಪರಿಣಾಮವಾಗಿ ಉಂಟಾಗುವ ನಷ್ಟ, ಸವಕಳಿ, ಬಳಕೆಯಿಂದಾಗುವ ಸವೆತ ಇವುಗಳನ್ನು ಸ್ಪಷ್ಟವಾಗಿ ಹೊರಗಿಡಲಾಗಿದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ, ರಿಪೇರಿಯ ನಂತರವೂ ಉಳಿಯುವ ಬೆಲೆ ನಷ್ಟವನ್ನು ಮಾಲಕರ ಸ್ವಂತ ವಿಮಾ ಕಂಪೆನಿಯೇ ಲೆಕ್ಕ ಹಾಕಿ ಕೊಡಬೇಕೆಂದು ತೀರ್ಪಿತ್ತಿತು. ನಮ್ಮಲ್ಲಿ ಆ ಅನುಕೂಲವಿಲ್ಲ.

'ಝೀರೋ ಡೆಪ್ರಿಸಿಯೇಷನ್' ಮಾಡಿಸಿದ್ದೇವಲ್ಲ ಎಂದು ಹಲವರು ಕೇಳುತ್ತಾರೆ. ಅದು ಬೇರೆಯೇ ವಿಷಯ. ಸಾಮಾನ್ಯ ಪಾಲಿಸಿಯಲ್ಲಿ ಬದಲಾಯಿಸಿದ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಶೇ. 50ರಷ್ಟನ್ನು ಕಳೆಯುತ್ತಾರೆ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನಂತೆ ಕಡಿತವಿರುತ್ತದೆ. ಮೂರರಿಂದ ನಾಲ್ಕು ವರ್ಷದ ಕಾರಾದರೆ ಶೇ. 25. ಹೆಚ್ಚುವರಿ ಪ್ರೀಮಿಯಂ ಕಟ್ಟಿದವರಿಗೆ ಈ ಕಡಿತ ಇರುವುದಿಲ್ಲ, ಅಷ್ಟೇ. ಮಾರುಕಟ್ಟೆಯಲ್ಲಿ ಇಳಿದ ಬೆಲೆಗೂ ಅದಕ್ಕೂ ಸಂಬಂಧವಿಲ್ಲ.

ಹೀಗಿದ್ದೂ ನಿಮ್ಮ ಕಂಪೆನಿ ರಿಪೇರಿಯ ನ್ಯಾಯವಾದ ಹಣವನ್ನೇ ಕೊಡದಿದ್ದರೆ ಸುಮ್ಮನಿರಬೇಡಿ. ಮೊದಲು ಕಂಪೆನಿಗೆ ಲಿಖಿತ ದೂರು ಕೊಡಿ. ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಜೆ.ಪಿ. ನಗರದ ಜೀವನ ಸೌಧದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಸಲ್ಲಿಸಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಯಾರಿಂದ ಕೇಳಬೇಕು?

ತಪ್ಪು ಮಾಡಿದ ವಾಹನದ ಚಾಲಕ, ಅದರ ಮಾಲಕ ಮತ್ತು ಆ ವಾಹನದ ವಿಮಾ ಕಂಪೆನಿಯಿಂದ ಕೇಳಬೇಕು. 1988ರ ಮೋಟಾರು ವಾಹನ ಕಾಯಿದೆಯ ಪರಿಹಾರ ನ್ಯಾಯಮಂಡಳಿ ಕೇವಲ ಸಾವು, ಗಾಯಗಳಿಗಾಗಿ ಇರುವುದೆಂದು ಹಲವರು ಭಾವಿಸಿದ್ದಾರೆ. ಆದರೆ 166ನೇ ಕಲಮಿನ ಪ್ರಕಾರ ಹಾನಿಗೊಂಡ ಆಸ್ತಿಯ ಮಾಲಕರೂ ಅಲ್ಲಿ ಅರ್ಜಿ ಹಾಕಬಹುದು. ಕಾರೂ ಆಸ್ತಿಯೇ. ಅಪಘಾತ ಬೇರೆ ಊರಲ್ಲಿ ನಡೆದಿದ್ದರೂ ನೀವು ವಾಸಿಸುವ ಊರಿನ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಖಾಸಗಿ ಕಾರುಗಳ ಪಾಲಿಸಿಯಲ್ಲಿ ಇತರರ ಆಸ್ತಿ ಹಾನಿಗೆ ಸಾಮಾನ್ಯವಾಗಿ ಏಳೂವರೆ ಲಕ್ಷ ರೂಪಾಯಿಯ ಮಿತಿ ಇರುತ್ತದೆ. ಸ್ವಲ್ಪ ಪ್ರೀಮಿಯಂ ಉಳಿಸಲು ಕೇವಲ 6,000 ರೂಪಾಯಿಯ ಮಿತಿ ಆಯ್ದುಕೊಂಡವರೂ ಇರುತ್ತಾರೆ. ನಿಮ್ಮ ಸ್ವಂತ ಪಾಲಿಸಿಯಲ್ಲಿ ಎಷ್ಟಿದೆಯೆಂದು ಇಂದೇ ನೋಡಿಕೊಳ್ಳಿ.

ಒಂದೇ ನಷ್ಟಕ್ಕೆ ಎರಡು ಕಡೆಯಿಂದ ಹಣ ಪಡೆಯುವಂತಿಲ್ಲ. ನಿಮ್ಮ ಕಂಪೆನಿ ಕೊಟ್ಟ ರಿಪೇರಿ ಹಣವನ್ನು ಬಿಟ್ಟು, ಅದು ಕೊಡದೇ ಉಳಿದ ಕಡಿತದ ಮೊತ್ತ ಮತ್ತು ಇಳಿದ ಬೆಲೆಯನ್ನು ಮಾತ್ರ ಕೇಳಬೇಕು. ಕೇಳಿದ್ದೆಲ್ಲ ಸಿಕ್ಕೇ ಸಿಗುತ್ತದೆಂಬ ಖಾತ್ರಿಯಿಲ್ಲ. ಸಾಕ್ಷ್ಯ ಎಷ್ಟು ಗಟ್ಟಿಯೋ ಪರಿಹಾರವೂ ಅಷ್ಟು.

ಏನೇನು ಮಾಡಬೇಕು?

ಅಪಘಾತದ ಸ್ಥಳದಲ್ಲೇ ಎರಡೂ ವಾಹನಗಳ, ನಂಬರ್ ಪ್ಲೇಟುಗಳ ಫೋಟೋ ತೆಗೆಯಿರಿ. ಯಾರಿಗೂ ಗಾಯವಾಗದಿದ್ದರೂ ಪೊಲೀಸರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ರಸ್ತೆಯಲ್ಲೇ ಐದೋ ಹತ್ತೋ ಸಾವಿರ ಕೈಗಿತ್ತು, 'ಇನ್ನೇನೂ ಬಾಕಿಯಿಲ್ಲ' ಎಂದು ಬರೆಸಿಕೊಳ್ಳುವವರಿದ್ದಾರೆ. ಜನ ಸೇರಿದರು, ಮಗು ಅಳುತ್ತಿದೆ ಎಂಬ ಗಡಿಬಿಡಿಯಲ್ಲಿ ಸಹಿ ಹಾಕಬೇಡಿ.

ಬಳಿಕ ಸರ್ವೇಯರ್ ವರದಿಯ ಪ್ರತಿ, ಗ್ಯಾರೇಜಿನ ವಿವರವಾದ ಬಿಲ್ಲು, ಬದಲಾಯಿಸಿದ ಭಾಗಗಳ ಪಟ್ಟಿ ಇವನ್ನು ಜೋಪಾನವಾಗಿಡಿ. ರಿಪೇರಿಯಾದ ಕೂಡಲೇ, ಮಾರುವ ಯೋಚನೆ ಇಲ್ಲದಿದ್ದರೂ, ಪರವಾನಿಗೆಯುಳ್ಳ ಸರ್ವೇಯರ್ ಅಥವಾ ಮೌಲ್ಯಮಾಪಕರಿಂದ ಎರಡು ಬೆಲೆಗಳನ್ನು ಲಿಖಿತವಾಗಿ ಪಡೆಯಿರಿ: ಅಪಘಾತಕ್ಕೆ ಮುನ್ನ ಈ ಕಾರಿಗೆ ಎಷ್ಟಿತ್ತು, ರಿಪೇರಿಯ ನಂತರ ಎಷ್ಟಿದೆ. ಒಂದೆರಡು ಕಡೆ ಹಳೆ ಕಾರಿನ ವ್ಯಾಪಾರಿಗಳಿಂದಲೂ ಬೆಲೆ ಬರೆಸಿಕೊಳ್ಳಿ. ಕಾರು ಹಳೆಯದಾಗುತ್ತಾ ಸಹಜವಾಗಿ ಇಳಿಯುವ ಬೆಲೆಯನ್ನು ಇದಕ್ಕೆ ಸೇರಿಸಬಾರದು.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತ ನಡೆದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ವಿವಾದದ ಮೊತ್ತ ಒಂದು ಲಕ್ಷ ರೂಪಾಯಿಗಿಂತ ಕಡಿಮೆಯಾದರೆ ಹೈಕೋರ್ಟಿಗೆ ಮೇಲ್ಮನವಿಯೂ ಇಲ್ಲ. ಹಾಗಾಗಿ ಮೊದಲ ಸಲವೇ ದಾಖಲೆಗಳು ಸರಿಯಿರಬೇಕು.

ವಕೀಲರ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಮಿನಂತೆ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ವಿಲ್ಸನ್ ಗಾರ್ಡನ್‌ಗೆ ಹತ್ತಿರದಲ್ಲೇ, ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ತರಕಾರಿಗೆಂದು ಹೋಗುವ ದಾರಿಯಲ್ಲೇ ಆ ಕಟ್ಟಡ ನೋಡುತ್ತಾ, ಒಳಗೆ ತನಗೊಂದು ಹಕ್ಕಿದೆಯೆಂದು ತಿಳಿಯದ ಸಹೋದರಿಯರು ಎಷ್ಟಿಲ್ಲ! ಬೇರೆ ಊರಿನವರು ತಮ್ಮ ಜಿಲ್ಲೆಯ ಪ್ರಾಧಿಕಾರವನ್ನು ಕಾಣಬಹುದು ಅಥವಾ 15100ಕ್ಕೆ ಕರೆ ಮಾಡಬಹುದು.

ಇಲ್ಲಿ ಇನ್ನೊಂದು ಮಾತಿದೆ. ಅರ್ಜಿ ಹಾಕುವ ಹಕ್ಕು ಕಾರಿನ ಮಾಲಕರದ್ದು. ನಿಮ್ಮ ಮಹ್ರ್‌ನ ಹಣದಿಂದಲೋ ಚಿನ್ನ ಮಾರಿಯೋ ಕೊಂಡ ಕಾರಾದರೆ ಆರ್.ಸಿ. ಪುಸ್ತಕದಲ್ಲಿ ಯಾರ ಹೆಸರಿದೆ? ಇದನ್ನು ಜಗಳಕ್ಕಾಗಿ ಹೇಳುತ್ತಿಲ್ಲ, ಕಾಗದಪತ್ರ ಸರಿಯಿರಲಿ ಎಂದು ಹೇಳುತ್ತಿದ್ದೇನೆ.

ಮಾರುವಾಗ

ಪರಿಹಾರದ ತಂಟೆಯೇ ಬೇಡ, ಅಪಘಾತವಾದದ್ದನ್ನು ಹೇಳದೆ ಮಾರಿದರಾಯಿತು ಎಂದು ಸಲಹೆ ಕೊಡುವವರು ಸುತ್ತಮುತ್ತ ಬೇಕಾದಷ್ಟು ಮಂದಿ ಸಿಗುತ್ತಾರೆ. ಹಾಗೆ ಮಾಡಿದರೆ ಆ 80 ಸಾವಿರದ ಹೊರೆ ವ್ಯಾನಿನವನ ಮೇಲೂ ಬೀಳುವುದಿಲ್ಲ, ನಿಮ್ಮ ಮೇಲೂ ಉಳಿಯುವುದಿಲ್ಲ; ಏನೂ ಅರಿಯದ ಮೂರನೆಯವರ ತಲೆಗೆ ಹೋಗುತ್ತದೆ. ಆ ಮೂರನೆಯವರು ನಿಮ್ಮ ಹಾಗೆಯೇ ಉಳಿಸಿ ಕೂಡಿಟ್ಟ ಹಣದಲ್ಲಿ ಮೊದಲ ಕಾರು ಕೊಳ್ಳುತ್ತಿರುವ ಒಬ್ಬ ತಾಯಿಯಾಗಿರಬಹುದು. ಸರಕಿನ ದೋಷವನ್ನು ಮುಚ್ಚಿಟ್ಟು ಮಾರುವುದನ್ನು ನಮ್ಮ ಧರ್ಮ ನಿಷೇಧಿಸಿದೆ ಎಂಬುದು ನಿಮಗೆ ತಿಳಿಯದ್ದೇನಲ್ಲ.

ಅಪಘಾತದ ವಿಷಯವನ್ನು ಬಾಯಿಬಿಟ್ಟು ಹೇಳಿ, ರಿಪೇರಿಯ ಬಿಲ್ಲುಗಳನ್ನು ಮುಂದಿಡಿ. ಯಾವ ಭಾಗ ಹಾಳಾಗಿತ್ತು, ಏನನ್ನು ಬದಲಾಯಿಸಲಾಗಿದೆ ಎಂದು ಕಾಗದದಲ್ಲಿ ಕಂಡಾಗ ಕೊಳ್ಳುವವರ ಅನುಮಾನ ತಗ್ಗುತ್ತದೆ. ಅನುಮಾನ ತಗ್ಗಿದಷ್ಟು ಚೌಕಾಸಿಯೂ ತಗ್ಗುತ್ತದೆ. ಆದರೂ ಕಡಿಮೆಯಾಗುವ ಹಣವನ್ನು ಯಾರಿಂದ ಕೇಳಬೇಕು, ಎಷ್ಟು ದಿನದೊಳಗೆ ಕೇಳಬೇಕು ಎಂಬುದು ಈಗ ನಿಮಗೆ ಗೊತ್ತಾಯಿತಲ್ಲ. ಪಾಲಿಸಿ, ಆರ್.ಸಿ. ಮತ್ತು ಬಿಲ್ಲುಗಳನ್ನು ಇಂದೇ ಒಂದು ಫೈಲಿನಲ್ಲಿ ಸೇರಿಸಿಡಿ. ಆ ಫೈಲು ಬೇಕಾಗುವ ದಿನ ಯಾರ ಮನೆಗೂ ಬಾರದಿರಲಿ.