ಸುಳ್ಳು ಕೇಸು ಹಾಕೋರು ಯಾರು?



ನಮ್ಮವರು ಅಟ್ರಾಸಿಟಿ ಕೇಸು ಕೊಟ್ಟರೆ ಸಾಕು, ‘ಸುಳ್ಳು ಕೇಸು, ದುರ್ಬಳಕೆ’ ಅಂತ ಶುರು ಮಾಡ್ತಾರೆ. 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ನಂಬಿ ಕಾಯ್ದೆಯ ಹಲ್ಲು ಕಿತ್ತಿತ್ತು. ಏಪ್ರಿಲ್ 2ರಂದು ನಾವು ಬೀದಿಗಿಳಿದೆವು. ಸಂಸತ್ತು ಕಾಯ್ದೆ ತಿದ್ದಿತು, 2019ರಲ್ಲಿ ಕೋರ್ಟೇ ತನ್ನ ನಿರ್ದೇಶನ ವಾಪಸ್ ಪಡೆಯಿತು.

ನಿಜವಾದ ಕಿರುಕುಳದ ಕೇಸು ಯಾವುದು ಹೇಳ್ತೀನಿ ಕೇಳಿ. ನಮ್ಮ ಕಡೆಯ ಅಜ್ಜ ಒಬ್ಬರಿಗೆ ಎರಡು ಎಕರೆ ಮಂಜೂರಾದ ಜಮೀನು. ಪಕ್ಕದ ಜಮೀನ್ದಾರ ಅದರ ಮೇಲೆ ದಾವೆ ಹಾಕಿದ. ವಜಾ ಆಯ್ತು. ಈಗ ಮಗನ ಹೆಸರಲ್ಲಿ ಇನ್ನೊಂದು! ಪ್ರತಿ ವಾಯಿದೆಗೂ ಅಜ್ಜನ ಕೂಲಿ ಹೋಯ್ತು, ಬಸ್ ಚಾರ್ಜು ಹೋಯ್ತು, ವಕೀಲರ ಫೀಸು ಬೇರೆ. ಜೊತೆಗೆ ಹೋಗಿ ಕಣ್ಣಾರೆ ನೋಡಿದ್ದೀನಿ. ಅವರಿಗೆ ಗೆಲ್ಲೋದು ಬೇಕಿಲ್ಲ, ಅಜ್ಜ ಸೋತು ಸುಣ್ಣವಾದರೆ ಸಾಕು.

ಕಾನೂನು ಇಲ್ವಾ? ಇದೆ. ಸಿಪಿಸಿ ಆದೇಶ 7, ನಿಯಮ 11ರಡಿ ಹುರುಳಿಲ್ಲದ ದಾವೆಯನ್ನ ಆರಂಭದಲ್ಲೇ ತಿರಸ್ಕರಿಸಬಹುದು. 1977ರಲ್ಲೇ ಬೆಂಗಳೂರಿನ ಪ್ರಕರಣವೊಂದರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇಂಥವನ್ನ ಮೊಳಕೆಯಲ್ಲೇ ಚಿವುಟಿ ಅಂದಿದ್ದರು. ಆದರೆ ಸುಳ್ಳು ದಾವೆಗೆ ಕಲಂ 35ಎ ಪರಿಹಾರ ಎಷ್ಟು ಗೊತ್ತಾ? ಹೆಚ್ಚೆಂದರೆ 3,000 ರೂಪಾಯಿ! ದೊಡ್ಡ ವಾಣಿಜ್ಯ ವ್ಯಾಜ್ಯಗಳಿಗೆ 2015ರಲ್ಲೇ ಈ ಮಿತಿ ತೆಗೆದರು. ಕಂಪನಿಗಳ ಸಮಯಕ್ಕೆ ಬೆಲೆ ಇದೆ, ಅಜ್ಜನ ಕೂಲಿಗೆ ಇಲ್ಲ.

ಆ ಮಿತಿ ಎಲ್ಲರಿಗೂ ಹೋಗಲಿ. ಅಲ್ಲೀತನಕ ನಮ್ಮ ದೂರನ್ನ ‘ಸುಳ್ಳು’ ಅನ್ನೋ ಬಾಯಿಗಳು ಮೊದಲು ತಮ್ಮ ದಾವೆಗಳ ಫೈಲು ಬಿಚ್ಚಲಿ.