ರಾತ್ರಿ ಎರಡು ಗಂಟೆಗೆ ಯಾರಿರ್ತಾರೆ?

ದೊಡ್ಡಮ್ಮನ ಎಡಗಾಲಿನ ಕಾಲುಚೀಲ ತೆಗೆದದ್ದು ನಾನೇ. ಕಾಲು ತಣ್ಣಗಿದೆಯಾ ನೋಡೋಣ ಅಂತ ಅಷ್ಟೇ. ಹಿಮ್ಮಡಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಕಪ್ಪಾಗಿತ್ತು, ಸುತ್ತಲೂ ಚರ್ಮ ಕೆಂಪಾಗಿತ್ತು. ಅವರನ್ನು ಆ ಆರೈಕೆ ಕೇಂದ್ರಕ್ಕೆ ಸೇರಿಸಿ ಅಂದಿಗೆ ಹನ್ನೊಂದು ದಿನ. ಆ ಜಾಗವನ್ನು ಹುಡುಕಿ, ಹೋಲಿಸಿ, "ಇದೇ ಬೆಸ್ಟ್" ಅಂತ ಮನೆಯವರನ್ನೆಲ್ಲ ಒಪ್ಪಿಸಿದ್ದೂ ನಾನೇ.

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ. ಎಪ್ಪತ್ತೆಂಟು ವರ್ಷ. ಮಕ್ಕಳಿಲ್ಲ. ದೊಡ್ಡಪ್ಪ ಹೋದ ಮೇಲೂ ಕೆದಂಬಾಡಿಯ ಅಡಿಕೆ ತೋಟದ ಮನೆಯಲ್ಲಿ ಒಬ್ಬರೇ ಇದ್ದರು. ಕಳೆದ ಆಟಿ ತಿಂಗಳ ಮಳೆಯಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮಂಗಳೂರಿನಲ್ಲಿ ಆಪರೇಷನ್ ಆಯಿತು. "ಇನ್ನು ಎಂಟು ವಾರ ಇಪ್ಪತ್ನಾಲ್ಕು ಗಂಟೆಯೂ ಯಾರಾದರೂ ಜೊತೆಗಿರಬೇಕು" ಅಂದರು ಡಾಕ್ಟರು. ಅಮ್ಮನಿಗೆ ಮಂಡಿನೋವು. ನಾನಿರುವುದು ಬೆಂಗಳೂರಿನ ಬಾಡಿಗೆ ಮನೆಯ ಮೂರನೇ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ. ಮನೆಗೇ ಬಂದು ನೋಡಿಕೊಳ್ಳುವ ಹೋಮ್ ನರ್ಸ್ ಒಬ್ಬರು ಬಂದರು. ತೋಟದ ನಡುವೆ ನೆಟ್‌ವರ್ಕ್ ಸಿಗದ ಮನೆ ನೋಡಿ ಮೂರನೇ ದಿನವೇ ಹೋದರು.

ಫ್ಯಾಮಿಲಿ ಗ್ರೂಪಿನಲ್ಲಿ ಮಾವನ ವಾಯ್ಸ್ ಮೆಸೇಜ್ ಬಂತು: "ಅವರನ್ನು ಆಶ್ರಮಕ್ಕೆ ಹಾಕ್ಲಿಕ್ಕೆ ಹೊರಟಿದ್ದೀರಾ? ಊರವರು ಎಂತ ಹೇಳಿಯಾರು?" ಊರವರು ಎಂತ ಹೇಳ್ತಾರೆ ಅಂತ ಎಲ್ಲರೂ ಟೈಪ್ ಮಾಡಿದರು. ರಾತ್ರಿ ಅವರನ್ನು ಬಾತ್‌ರೂಮಿಗೆ ಕರ್ಕೊಂಡು ಹೋಗುವುದು ಯಾರು ಅಂತ ಯಾರೂ ಹೇಳಲಿಲ್ಲ.

ಪುತ್ತೂರಿನಲ್ಲಿ "ನರ್ಸಿಂಗ್ ಹೋಮ್" ಅಂದರೆ ಹೆರಿಗೆಯಾಗುವ, ಜ್ವರಕ್ಕೆ ಡ್ರಿಪ್ ಹಾಕುವ ಸಣ್ಣ ಆಸ್ಪತ್ರೆ ಅಂತಲೇ ಎಲ್ಲರಿಗೂ ಅರ್ಥ. ನನಗೆ ಬೇಕಿದ್ದದ್ದು ಬೇರೆ. ಎದ್ದು ಓಡಾಡಲಾರದ ಹಿರಿಯರನ್ನು ಕೆಲವು ವಾರ ಇಟ್ಟುಕೊಂಡು ನೋಡಿಕೊಳ್ಳುವ ಜಾಗ. ಆಫೀಸಿನಲ್ಲಿ ಮಾಡುವ ಹಾಗೆ ಎಕ್ಸೆಲ್ ಶೀಟ್ ಮಾಡಿದೆ: ತಿಂಗಳ ಫೀಸು, ದೂರ, ಎಸಿ, ಡಾಕ್ಟರ್ ವಿಸಿಟ್, ಗೂಗಲ್ ರೇಟಿಂಗ್. ಮಂಗಳೂರಿನ ಹೊರವಲಯದ ಒಂದು ಜಾಗಕ್ಕೆ 4.8 ನಕ್ಷತ್ರ ಇತ್ತು. ಫೋನ್ ಮಾಡಿ, ಅವರು ಹೇಳಿದ ಟೈಮಿಗೇ ಹೋದೆ. ಒಳಗೆ ಕಾಲಿಟ್ಟರೆ ಅಕ್ವೇರಿಯಂ, ಗ್ರಾನೈಟ್, ಗೋಡೆಯಲ್ಲಿ ನಗುವ ಅಜ್ಜ ಅಜ್ಜಿಯರ ಫೋಟೋ. ಕುಡಿಯಲಿಕ್ಕೆ ಎಳನೀರು ಕೊಟ್ಟರು. ನಾನು ಕೇಳಿದ ದೊಡ್ಡ ಪ್ರಶ್ನೆ ಏನು ಗೊತ್ತಾ? "ವೈಫೈ ಉಂಟಾ? ವಿಡಿಯೋ ಕಾಲ್ ಮಾಡ್ಬೇಕಿತ್ತು."

ವಿಡಿಯೋ ಕಾಲ್‌ನಲ್ಲಿ ಹಿಮ್ಮಡಿ ಕಾಣುವುದಿಲ್ಲ.

ಹುಣ್ಣು ಕಂಡ ಆ ಸಂಜೆ ನಾನು ಜೋರು ಮಾಡಿದೆ. ಮ್ಯಾನೇಜರ್ ಶಾಂತವಾಗಿ, "ಏರ್‌ಬೆಡ್ ಬೇಕಾದ್ರೆ ದಿನಕ್ಕೆ ಎಕ್ಸ್‌ಟ್ರಾ ಆಗ್ತದೆ ಸರ್" ಅಂದರು. ಅಷ್ಟರಲ್ಲಿ ರಾತ್ರಿ ಪಾಳಿಯ ಹುಡುಗಿ ಬಂದಳು. ಜಾರ್ಖಂಡ್‌ನವಳು, ಇಪ್ಪತ್ತು ದಾಟಿರಬಹುದು. ನನ್ನನ್ನು ಪಕ್ಕಕ್ಕೆ ಕರೆದು ಹಿಂದಿಯಲ್ಲಿ ಕೇಳಿದಳು: "ಬಾಜೆಲ್ ಯಾರು ಭಯ್ಯಾ? ಅವರ ಮಗನಾ? ಅಜ್ಜಿ ರಾತ್ರಿಯೆಲ್ಲ ಅವನನ್ನೇ ಕರೀತಾರೆ."

ತುಳುವಿನಲ್ಲಿ ಬಾಜೆಲ್ ಅಂದರೆ ಬಾಯಾರಿಕೆ.

ನೀರಿನ ಬಾಟಲ್ ಕಿಟಕಿಯ ಕಟ್ಟೆಯ ಮೇಲಿತ್ತು. ಮಂಚದಿಂದ ನಾಲ್ಕು ಅಡಿ ದೂರ. ಪಕ್ಕಕ್ಕೆ ಹೊರಳಲಾರದವರಿಗೆ ನಾಲ್ಕು ಅಡಿಯೂ ಒಂದೇ, ನಾಲ್ಕು ಮೈಲಿಯೂ ಒಂದೇ.

ಆ ಹುಡುಗಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ, ಯಾಕಂದ್ರೆ ಅವಳ ಜೊತೆ ಕೂತು ಲೆಕ್ಕ ಹಾಕಿದೆ. ಆ ಮಾಳಿಗೆಯಲ್ಲಿ ಹದಿನಾಲ್ಕು ಜನ. ಅವರಲ್ಲಿ ಆರು ಜನ ತಾವಾಗಿ ಹೊರಳಲಾರದವರು. ಹಾಸಿಗೆ ಹುಣ್ಣು ಆಗಬಾರದು ಅಂದರೆ ಇಂಥವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ನರ್ಸ್‌ಗಳಿಗೆ ಕಲಿಸುತ್ತಾರೆ. ರಾತ್ರಿ ಎಂಟರಿಂದ ಬೆಳಿಗ್ಗೆ ಆರರ ತನಕ ಒಬ್ಬೊಬ್ಬರಿಗೆ ಐದು ಸಲ, ಒಟ್ಟು ಮೂವತ್ತು ಸಲ. ಒಂದು ಸಲಕ್ಕೆ ಹತ್ತು ನಿಮಿಷ ಅಂದರೂ ಐದು ಗಂಟೆ. ಅದರ ಮೇಲೆ ಡೈಪರ್, ಮಾತ್ರೆ, ಬೆಲ್, ನಿದ್ದೆ ಬಾರದೆ ನಡೆದಾಡುವ ಇಬ್ಬರು ಅಜ್ಜಂದಿರು. ಇಷ್ಟಕ್ಕೂ ಅವಳೊಬ್ಬಳೇ. ಇನ್ನೊಬ್ಬರನ್ನು ಒಬ್ಬರೇ ಸರಿಯಾಗಿ ಹೊರಳಿಸಲಿಕ್ಕೂ ಆಗುವುದಿಲ್ಲ. ದೊಡ್ಡಮ್ಮನ ಹುಣ್ಣು ಆ ಲೆಕ್ಕದಲ್ಲೇ ಇತ್ತು. ಸೇರಿಸುವ ಮೊದಲೇ ನಾನು ಕೇಳಿದ್ದರೆ ಗೊತ್ತಾಗುತ್ತಿತ್ತು.

ನಕ್ಷತ್ರ ನಂಬಿ ಕೆಟ್ಟವರು ನಾನೊಬ್ಬನೇ ಅಲ್ಲ. ಅಮೆರಿಕದಲ್ಲಿ ಸರ್ಕಾರವೇ 2008ರಿಂದ ನರ್ಸಿಂಗ್ ಹೋಮ್‌ಗಳಿಗೆ ಒಂದರಿಂದ ಐದು ನಕ್ಷತ್ರ ಕೊಡುತ್ತಿದೆ. ಶುರುವಿನ ವರ್ಷಗಳಲ್ಲಿ ಎಷ್ಟು ಸಿಬ್ಬಂದಿ ಇದ್ದಾರೆ ಅನ್ನುವುದನ್ನು ಆ ಸಂಸ್ಥೆಗಳೇ ಬರೆದುಕೊಡುತ್ತಿದ್ದವು. ಆಮೇಲೆ ನಿಯಮ ಬದಲಾಗಿ, 2018ರಿಂದ ಸಂಬಳದ ಲೆಕ್ಕ ನೋಡಿಯೇ ನಕ್ಷತ್ರ ಕೊಡತೊಡಗಿದರು. ಪತ್ರಕರ್ತರು ಆ ಲೆಕ್ಕವನ್ನು ಬಿಡಿಸಿ ನೋಡಿದಾಗ ಎಷ್ಟೋ ಕಡೆ ಶನಿವಾರ, ಭಾನುವಾರ ಸಿಬ್ಬಂದಿ ತೀರಾ ಕಡಿಮೆ ಅನ್ನುವುದು ಬಯಲಾಯಿತು.

ನಮ್ಮಲ್ಲಿ ಅಂಥ ಸರ್ಕಾರಿ ಪಟ್ಟಿ ಕೈಗೆ ಸಿಗುವುದಿಲ್ಲ. ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ಹಿರಿಯರ ಸಹಾಯವಾಣಿ 14567 ಇದೆ, ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ಆದರೆ ದುಡ್ಡು ಕೊಟ್ಟು ಸೇರಿಸುವ ಜಾಗ ಹೇಗಿದೆ ಅಂತ ನೋಡುವ ಕೆಲಸ ನಮ್ಮದೇ. ಹಾಗಾಗಿ ಎರಡನೇ ಸಲ ಹುಡುಕುವಾಗ ಶೀಟಿನ ಕಾಲಂಗಳನ್ನೆಲ್ಲ ಅಳಿಸಿ ಬೇರೆ ಬರೆದೆ.

ಮೊದಲನೆಯದು, ಹೇಳದೆ ಹೋಗುವುದು. ಭಾನುವಾರ ಸಂಜೆ ಐದಕ್ಕೆ, ಇಲ್ಲವೇ ರಾತ್ರಿ ಊಟದ ಹೊತ್ತಿಗೆ. "ವಿಸಿಟಿಂಗ್ ಟೈಮ್‌ನಲ್ಲೇ ಬನ್ನಿ" ಅಂತ ಹಟ ಹಿಡಿದ ಒಂದು ಜಾಗವನ್ನು ಅಲ್ಲೇ ಬಿಟ್ಟೆ.

ಎರಡನೆಯದು, ಮೂಗು. ಮೂತ್ರದ ವಾಸನೆ ಒಂದು ಮೂಲೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಪರವಾಗಿಲ್ಲ, ಈಗಷ್ಟೇ ಆಗಿರಬಹುದು. ಇಡೀ ಕಾರಿಡಾರಿನಲ್ಲಿ ಹಳೇ ವಾಸನೆ ಇದ್ದರೆ, ಅಥವಾ ಫಿನಾಯಿಲ್ ಕಣ್ಣು ಉರಿಸುವಷ್ಟಿದ್ದರೆ ಯೋಚಿಸಬೇಕು.

ಮೂರನೆಯದು, ಕೋಣೆ ಬಿಟ್ಟು ಜನರನ್ನು ನೋಡುವುದು. ಅಲ್ಲಿರುವ ಅಜ್ಜ ಅಜ್ಜಿಯರ ಉಗುರು, ತುಟಿ, ತಲೆಕೂದಲು. ತುಟಿ ಒಡೆದಿದ್ದರೆ ನೀರು ಸಾಲುತ್ತಿಲ್ಲ ಅಂತ ಅನುಮಾನ ಪಡಬಹುದು. ನೀರಿನ ಲೋಟ ಮತ್ತು ಬೆಲ್ ಕೈಗೆ ಎಟುಕುತ್ತದಾ? ಯಾರನ್ನಾದರೂ ಕುರ್ಚಿಗೆ ಬಟ್ಟೆಯಲ್ಲಿ ಕಟ್ಟಿದ್ದಾರಾ? ಕಟ್ಟಿದ್ದರೆ ಯಾಕೆ, ಡಾಕ್ಟರು ಬರೆದುಕೊಟ್ಟಿದ್ದಾರಾ ಅಂತ ಕೇಳಲೇಬೇಕು.

ನಾಲ್ಕನೆಯದು, ಪ್ರಶ್ನೆಗಳು. ರಾತ್ರಿ ಎರಡು ಗಂಟೆಗೆ ಎಷ್ಟು ಜನ ಎಚ್ಚರ ಇರ್ತಾರೆ, ಅವರಲ್ಲಿ ನರ್ಸಿಂಗ್ ಕಲಿತವರು ಎಷ್ಟು? ಮಗ್ಗುಲು ಬದಲಿಸಿದ್ದನ್ನು ಬರೆದಿಡುವ ಚಾರ್ಟ್ ತೋರಿಸ್ತೀರಾ? ಕಳೆದ ತಿಂಗಳು ಎಷ್ಟು ಜನ ಬಿದ್ದರು? "ನಮ್ಮಲ್ಲಿ ಯಾರೂ ಬೀಳೋದೇ ಇಲ್ಲ" ಅಂದವರಿಗಿಂತ "ಒಬ್ಬರು ಬಿದ್ದರು, ಆಮೇಲೆ ಬಾತ್‌ರೂಮಿಗೆ ಹಿಡಿ ಹಾಕಿಸಿದೆವು" ಅಂದವರ ಮೇಲೆ ನನಗೆ ನಂಬಿಕೆ ಬಂತು. ಫೀಸಿನಲ್ಲಿ ಯಾವುದು ಸೇರಿಲ್ಲ, ಮಧ್ಯದಲ್ಲಿ ಬಿಟ್ಟರೆ ಡಿಪಾಸಿಟ್ ವಾಪಸ್ ಬರ್ತದಾ ಅನ್ನುವುದು ಕಾಗದದಲ್ಲಿ ಇರಲಿ.

ಹೀಗೆ ಸಿಕ್ಕಿದ ಜಾಗಕ್ಕೆ ಗೂಗಲ್‌ನಲ್ಲಿ 3.9. ಹಳೇ ಹಂಚಿನ ಮನೆ. ತೊಳೆದು ತೊಳೆದು ಬಣ್ಣ ಹೋದ ಬೆಡ್‌ಶೀಟುಗಳು. ನಾನು ಹೋದಾಗ ಒಬ್ಬರು ಅಕ್ಕ ಜಗಲಿಯಲ್ಲಿ ಕೂತು ಒಬ್ಬರು ಅಜ್ಜನ ಉಗುರು ಕತ್ತರಿಸುತ್ತಾ ತುಳುವಿನಲ್ಲಿ ಅಡಿಕೆ ರೇಟಿನ ಬಗ್ಗೆ ಜಗಳ ಆಡುತ್ತಿದ್ದರು. ನನ್ನ ಪಟ್ಟಿಯ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅವರೇ ಒಂದು ಪ್ರಶ್ನೆ ಕೇಳಿದರು: "ನಿಮ್ಮ ದೊಡ್ಡಮ್ಮನಿಗೆ ಯಾವ ಮಗ್ಗುಲಲ್ಲಿ ಮಲಗಿ ಅಭ್ಯಾಸ?"

ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ.

ಅಲ್ಲಿಯೂ ಎಲ್ಲ ಸರಿಯಿತ್ತು ಅಂತಲ್ಲ. ಫಿಸಿಯೋಥೆರಪಿಸ್ಟ್ ವಾರಕ್ಕೆ ಎರಡೇ ದಿನ. ಕರೆಂಟ್ ಹೋದರೆ ಫ್ಯಾನ್ ಇಲ್ಲ. ರಾತ್ರಿ ಇಬ್ಬರಿದ್ದರು, ಅವರಲ್ಲೂ ಒಬ್ಬಳು ಹೊರರಾಜ್ಯದವಳು. ಆದರೆ ಈ ಸಲ ನಾನು ಒಂದು ಹಾಳೆಯಲ್ಲಿ ದೊಡ್ಡಮ್ಮನ ಪದಗಳನ್ನು ಕನ್ನಡ ಮತ್ತು ಹಿಂದಿ ಅಕ್ಷರದಲ್ಲಿ ದೊಡ್ಡದಾಗಿ ಬರೆದು, ಹಿಂದಿಯ ಅರ್ಥ ಸೇರಿಸಿ ಮಂಚದ ಮೇಲಿನ ಗೋಡೆಗೆ ಅಂಟಿಸಿದೆ. ಬಾಜೆಲ್, ಬಡವು, ಬೇನೆ, ಚಳಿ. ಬಾಯಾರಿಕೆ, ಹಸಿವು, ನೋವು, ಚಳಿ. ನಾಲ್ಕೇ ಪದ. ಸಂಜೆ ಹೋದಾಗಲೆಲ್ಲ ಕಾಲುಚೀಲ ತೆಗೆದು ನೋಡುವುದು ಅಭ್ಯಾಸವಾಯಿತು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ, ಬಣ್ಣ ಬದಲಾಗದೆ ಕೆಂಪಾಗಿಯೇ ಉಳಿದರೆ ಅದು ಹುಣ್ಣಿನ ಶುರು ಅಂತ ಆ ಅಕ್ಕನೇ ಹೇಳಿಕೊಟ್ಟರು. ನಮ್ಮ ಹಾಗೆ ಕಪ್ಪು ಚರ್ಮದವರಲ್ಲಿ ಕೆಂಪು ಕಾಣದೇ ಇರಬಹುದು, ಆಗ ಆ ಜಾಗ ಬಿಸಿ ಇದೆಯಾ, ಗಟ್ಟಿ ಇದೆಯಾ ಮುಟ್ಟಿ ನೋಡಬೇಕಂತೆ.

ಹಿಮ್ಮಡಿಯ ಹುಣ್ಣು ಮಾಯಲಿಕ್ಕೆ ಏಳು ವಾರ ಹಿಡಿಯಿತು. ಅಷ್ಟು ದಿನ ಆ ಕಾಲು ಊರಲಿಕ್ಕೆ ಆಗದೆ ನಡಿಗೆಯೂ ತಡವಾಯಿತು. ದೀಪಾವಳಿಗೆ ನಾಲ್ಕು ದಿನ ಇರುವಾಗ ದೊಡ್ಡಮ್ಮ ವಾಕರ್ ಹಿಡಿದು ಕೆದಂಬಾಡಿಯ ಮನೆಯ ಮೆಟ್ಟಿಲು ಹತ್ತಿದರು. ಮೊದಲಿನ ಹಾಗೆ ತೋಟಕ್ಕೆ ಇಳಿಯಲಿಕ್ಕಾಗುವುದಿಲ್ಲ. ರಾತ್ರಿ ಜೊತೆಗೆ ಮಲಗಲಿಕ್ಕೆ ಪಕ್ಕದ ಮನೆಯವರೊಬ್ಬರು ಬರುತ್ತಾರೆ. "ಅಲ್ಲಿಯ ಗಂಜಿ ಒಳ್ಳೆದಿತ್ತು ಮಗಾ" ಅಂದರು ಮೊನ್ನೆ. ಯಾವ ಅಲ್ಲಿ ಅಂತ ನಾನು ಕೇಳಲಿಲ್ಲ.

ಡಿಪಾಸಿಟ್ ತರಲಿಕ್ಕೆ ಹೋದಾಗ ಆ ಕೋಣೆಗೆ ಇಣುಕಿದೆ. ಮಂಚದಲ್ಲಿ ಬೇರೊಬ್ಬರು ಅಜ್ಜಿ ಮಲಗಿದ್ದರು, ಬಲ ಮಗ್ಗುಲಿಗೆ, ಬೆನ್ನಿಗೆ ದಿಂಬು ಕೊಟ್ಟು. ನನ್ನ ಹಾಳೆ ಗೋಡೆಯಲ್ಲೇ ಇತ್ತು. ಕೆಳಗೆ ಯಾರೋ ನೀಲಿ ಪೆನ್ನಿನಲ್ಲಿ ಐದನೇ ಪದ ಸೇರಿಸಿದ್ದರು: ಯಾವು. ಸಾಕು ಅಂತ.