ಪೊರಕೆಗೊಂದು ವಸ್ತುಸಂಗ್ರಹಾಲಯ

ಜೋಧ್‌ಪುರದಿಂದ ಮೋಕಲಾವಾಸ್ ಗ್ರಾಮಕ್ಕೆ ಹೋಗುವ ದಾರಿಯುದ್ದಕ್ಕೂ ಮರಳುಗಲ್ಲಿನ ಗಣಿಗಳು. ಮೆಹ್ರಾನ್‌ಗಢದ ಕೋಟೆಯನ್ನು ಬಿಟ್ಟು ಪೊರಕೆ ನೋಡಲು ಹೊರಟ ನಮ್ಮನ್ನು ಜೀಪಿನ ಚಾಲಕ ಎರಡೆರಡು ಬಾರಿ ಪ್ರಶ್ನಿಸಿ ಖಚಿತಪಡಿಸಿಕೊಂಡ. ಅವನ ಅನುಮಾನ ಸಹಜವೇ. ಪೊರಕೆಯನ್ನು ಬಾಗಿಲ ಹಿಂದೆ ಅಡಗಿಸಿಡುವುದು ನಮ್ಮಲ್ಲೂ ರೂಢಿ.

ಹಾಳುಬಿದ್ದ ಗಣಿಯೊಂದರ ನೆಲದಲ್ಲೇ ‘ಅರ್ಣಾ ಝರ್ಣಾ’ ಎಂಬ ಈ ಮರುಭೂಮಿ ಸಂಗ್ರಹಾಲಯ ಎದ್ದುನಿಂತಿದೆ. ಇದನ್ನು ಕಲ್ಪಿಸಿದವರು ಜಾನಪದ ವಿದ್ವಾಂಸ ಕೋಮಲ್ ಕೊಠಾರಿ (1929–2004). 1960ರಲ್ಲಿ ವಿಜಯದಾನ್ ದೇಥಾ ಅವರೊಡನೆ ರೂಪಾಯನ ಸಂಸ್ಥಾನವನ್ನು ಕಟ್ಟಿದ ಅವರು ರಾಜಸ್ಥಾನವನ್ನು ಜಿಲ್ಲೆಗಳಾಗಿ ನೋಡಲಿಲ್ಲ. ಸಜ್ಜೆಯ ಸೀಮೆ, ಜೋಳದ ಸೀಮೆ, ಮೆಕ್ಕೆಜೋಳದ ಸೀಮೆ ಎಂದು ಉಣ್ಣುವ ಧಾನ್ಯದಿಂದ ವಿಂಗಡಿಸಿದರು. ಕೃಷಿವಿಜ್ಞಾನಿಯಾದ ನನಗೆ ಇದಕ್ಕಿಂತ ಸರಿಯಾದ ಭೂಪಟ ಬೇರೆ ಕಂಡಿಲ್ಲ.

ಪೊರಕೆಗಳ ಜೋಡಣೆಯ ಹಿಂದೆಯೂ ಅದೇ ದೃಷ್ಟಿಯಿದೆ. ನೂರಕ್ಕೂ ಹೆಚ್ಚು ಬಗೆಯ ಪೊರಕೆಗಳು. ಮರಳುನಾಡಿನ ಖೀಂಪ್ ಮತ್ತು ಬುಯಿ ಗಿಡಗಳವು, ಮೂಂಜ್ ಹುಲ್ಲಿನವು, ದಕ್ಷಿಣದ ಗುಡ್ಡಸೀಮೆಯ ಬಿದಿರಿನವು. ಒಳಮನೆ ಗುಡಿಸುವ ಮೃದುವಾದದ್ದು ಹೆಣ್ಣು, ಅಂಗಳದ ಒರಟಾದದ್ದು ಗಂಡು! ಪೊರಕೆ ಕಂಡರೆ ಆ ನೆಲದ ಮಳೆ, ಮಣ್ಣು, ಹುಲ್ಲು ತಿಳಿಯುತ್ತದೆ. ನಾವು ಕಲಿತ ಪಠ್ಯದಲ್ಲಿ ಇಂತಹ ಹಲವು ಸಸ್ಯಗಳಿಗಿದ್ದ ಸ್ಥಾನ ಕಳೆಗಳ ಪಟ್ಟಿಯಲ್ಲಿ ಮಾತ್ರ.

ಆದರೆ ಗೋಡೆಯ ಮೇಲಿನ ಪೊರಕೆ ನನ್ನನ್ನು ಕಳವಳಕ್ಕೂ ಈಡುಮಾಡಿತು. ಅದನ್ನು ಕಟ್ಟುವ ಬಂಜಾರ, ಬಾಗರಿಯಾ ಮೊದಲಾದ ಸಮುದಾಯಗಳಲ್ಲಿ ಸ್ವಂತ ಭೂಮಿಯಿಲ್ಲದವರು ಬಹಳ. ಅವರ ಕಚ್ಚಾಸಾಮಗ್ರಿ ಬೆಳೆಯುವುದು ಊರೊಟ್ಟಿನ ಗೋಚರ ಭೂಮಿಯಲ್ಲಿ, ಬಯಲಿನಲ್ಲಿ. ಪಶ್ಚಿಮ ರಾಜಸ್ಥಾನದ ‘ಓರಣ್’ ಎಂಬ ದೇವರಕಾಡುಗಳಲ್ಲಿ ಎಷ್ಟೋ ಕಡತಗಳಲ್ಲಿ ಪಾಳುಭೂಮಿಗಳಾಗಿವೆ. ಜೈಸಲ್ಮೇರ್ ಸೀಮೆಯಲ್ಲಿ ಅವುಗಳ ಮೇಲೆ ಸೌರ ವಿದ್ಯುತ್ ಯೋಜನೆಗಳು ಬಂದು ಕುರಿಗಾಹಿಗಳು ಬೀದಿಗಿಳಿದಿದ್ದಾರೆ. ಹುಲ್ಲುಗಾವಲು ಹೋದಮೇಲೆ ಪೊರಕೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾಡುವುದೇನು? ಕೊಠಾರಿಯವರು ಸುತ್ತಲಿನ ನೆಲವನ್ನೂ ಸಂಗ್ರಹಾಲಯದ ಭಾಗವೆಂದೇ ಭಾವಿಸಿ ಮರುಭೂಮಿಯ ಸಸ್ಯಗಳಿಗೆ ಎಡೆಮಾಡಿದ್ದು ಈ ಕಾರಣಕ್ಕೇ ಇರಬೇಕು.

ಮಲೆನಾಡಿನಲ್ಲಿ ನಾವು ಮಾಡಿದ್ದೂ ಭಿನ್ನವಲ್ಲ. ಕರಡ ಬೆಳೆಯುತ್ತಿದ್ದ ಬೇಣಗಳನ್ನು ಬೋಳುಗುಡ್ಡವೆಂದು ಕರೆದು ಅಕೇಶಿಯಾ ನೆಟ್ಟೆವು. ಆಮೇಲೆ ಕಡೆಗೋಲು, ಒನಕೆ, ಕಂಚಿನ ದೀಪಗಳನ್ನು ಕೂಡಿಹಾಕಿ ‘ಪರಂಪರೆ’ ಎಂದೆವು. ಇನ್ನೂ ಒಂದು ಒನಕೆ ಸಂಗ್ರಹಾಲಯ ನಮಗೆ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಿಂತಿರುಗಿದ ಮೇಲೆ ನಮ್ಮ ಮನೆಯ ಪೊರಕೆಗಳನ್ನು ಎಣಿಸಿದೆ. ನಾಲ್ಕು. ತೆಂಗಿನ ಕಡ್ಡಿಯದು ಮಾತ್ರ ನಮ್ಮ ತೋಟದ್ದು. ಮೆತ್ತನೆಯ ಹೂಪೊರಕೆ ಮೇಘಾಲಯದಂತಹ ಈಶಾನ್ಯ ಬೆಟ್ಟಗಳ ಹುಲ್ಲು; ಉಳಿದೆರಡು ಪ್ಲಾಸ್ಟಿಕ್ಕು. ಹಿಂದೆ ಅಂಗಳಕ್ಕೆ ಬಳಸುತ್ತಿದ್ದ ಪೊರಕೆ ಯಾವ ಗಿಡದ್ದೆಂದು, ಡಾಕ್ಟರೇಟ್ ಪಡೆದ ನನಗೆ ಗೊತ್ತಿರಲಿಲ್ಲ. ಅಮ್ಮ ಬೇಣದ ಅಂಚಿಗೆ ಕರೆದೊಯ್ದು ಗಿಡ ತೋರಿಸಿದರು. ಎಲೆ ಉದುರಿಸಿ, ಕಡ್ಡಿ ಬಾಗುವಷ್ಟು ಹಸಿಯಿರುವಾಗಲೇ ಕಟ್ಟಬೇಕೆಂದರು.

ವಿದ್ಯಾರ್ಥಿ ಮಿತ್ರರು ದೀಪಾವಳಿಯೊಳಗೆ ತಂತಮ್ಮ ಊರಿನ ಪೊರಕೆಗಳನ್ನು ಒಂದೊಂದು ತರಲಿ. ಯಾವ ಗಿಡ, ಯಾವ ಗುಡ್ಡ, ಕಟ್ಟಿದವರು ಯಾರು, ಆ ಗುಡ್ಡ ಈಗ ಯಾರ ವಶದಲ್ಲಿದೆ ಎಂದು ಚೀಟಿ ಬರೆಯಲಿ. ತೂಗುಹಾಕಲು ಯಾರದಾದರೂ ಹಳೆಯ ಕೊಟ್ಟಿಗೆಯ ಗೋಡೆ ಸಾಕು.